ಸೊಂಟದ ಎಕ್ಸ್‌ರೇ ತೆಗೆಯುವ ಮುಂಚೆ ಪಾದ ನೋಡಿ

ಎಕ್ಸ್‌ರೇ ರೂಮಿಗೆ ಹೊಸದಾಗಿ ಬಂದವರಿಗೆ ನಾನು ಮೊದಲು ಹೇಳೋದು ಇದನ್ನೇ. ಸೊಂಟದ ಕೀಲಿನ ಕೇಸ್ ಆದರೆ ಬಟನ್ ಒತ್ತುವ ಮುಂಚೆ ಎರಡೂ ಪಾದ ನೋಡಿ.

ಅಂಗಾತ ಮಲಗಿಸಿ, ಹೆಬ್ಬೆರಳುಗಳು ಹತ್ತಿರ ಬರುವ ಹಾಗೆ ಎರಡೂ ಕಾಲನ್ನು ಸುಮಾರು 15 ಡಿಗ್ರಿ ಒಳಕ್ಕೆ ತಿರುಗಿಸುತ್ತೇವೆ ಅಲ್ವಾ, ತೊಡೆಮೂಳೆಯ ಕುತ್ತಿಗೆ (ಅದರ ಮೇಲ್ತುದಿಯ ಗುಂಡಿನ ಕೆಳಗಿನ ಕಿರಿದಾದ ಭಾಗ) ಪೂರ್ತಿ ಉದ್ದಕ್ಕೆ ಕಾಣಲಿ ಅಂತ. ವಯಸ್ಸಾದ ಕೆಲವರಲ್ಲಿ ಒಂದು ಪಾದ ಸಲೀಸಾಗಿ ತಿರುಗುತ್ತದೆ, ಇನ್ನೊಂದು ಜಪ್ಪಯ್ಯ ಅಂದರೂ ತಿರುಗುವುದಿಲ್ಲ. "ಸಡಿಲ ಬಿಡಿ" ಅಂತ ಗದರಬೇಡಿ. ಕೀಲು ಸವೆದಾಗ ಸಾಮಾನ್ಯವಾಗಿ ಮೊದಲು ಹೋಗುವುದೇ ಈ ಒಳತಿರುವು. ಕೀಲಿನ ಸುತ್ತಲಿನ ಪೊರೆ ಬಿಗಿದಿರುತ್ತದೆ, ಗುಂಡಿನ ಅಂಚಿನಲ್ಲಿ ಹೆಚ್ಚುವರಿ ಮೂಳೆ ಬೆಳೆದು ಅಡ್ಡ ಬರುತ್ತಿರುತ್ತದೆ. ಎಷ್ಟು ತಿರುಗುತ್ತದೋ ಅಷ್ಟಕ್ಕೇ ತೆಗೆದು, ಫಾರ್ಮಿನಲ್ಲಿ ಒಂದು ಸಾಲು ಬರೆದುಬಿಡಿ. ಬಿದ್ದು ಬಂದವರಾದರೆ ಕಾಲನ್ನು ತಿರುಗಿಸಲೇಬೇಡಿ, ಮುರಿದ ಸೊಂಟದಲ್ಲೂ ಪಾದ ಹೀಗೇ ಹೊರಕ್ಕೆ ವಾಲಿರುತ್ತದೆ.

ಇನ್ನು ಚಿತ್ರದ ವಿಷಯ. ತೊಡೆಮೂಳೆಯ ಗುಂಡಿಗೂ ಅದು ಕೂರುವ ಸೊಂಟದ ಮೂಳೆಯ ಬಟ್ಟಲಿಗೂ ನಡುವೆ ಕಪ್ಪಗೆ ಕಾಣುವ ಸಂದು ಖಾಲಿ ಜಾಗ ಅಲ್ಲ. ಅಲ್ಲಿ ಮೆದುಮೂಳೆ ಇದೆ, ಎಕ್ಸ್‌ರೇಗೆ ಅದು ಕಾಣುವುದಿಲ್ಲ ಅಷ್ಟೇ. ಅದು ತೆಳುವಾದಂತೆ ಸಂದು ಕಿರಿದಾಗುತ್ತದೆ, ಹೆಚ್ಚಾಗಿ ಭಾರ ಬೀಳುವ ಮೇಲ್ಭಾಗದಲ್ಲಿ. ಪಕ್ಕದ ಮೂಳೆ ಗಟ್ಟಿಯಾಗಿ ಜಾಸ್ತಿ ಬೆಳ್ಳಗೆ ಕಾಣುತ್ತದೆ. ಮೆದುಮೂಳೆಗೆ ರಕ್ತನಾಳವೂ ಇಲ್ಲ, ನರವೂ ಇಲ್ಲ. ಹಾಗಾಗಿ ಸವೆತ ಸುಮ್ನೆ ನಡೆಯುತ್ತಾ ಹೋಗುತ್ತದೆ, ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ.

ಮೊಣಕಾಲು ಅಂತ ಬರೆದ ಫಾರ್ಮ್ ಬಂದಾಗಲೂ ನಾನು ರೋಗಿ ಒಳಗೆ ನಡೆದು ಬರುವುದನ್ನು ನೋಡುತ್ತೇನೆ. ಸೊಂಟದ ಕೀಲಿನ ನೋವು ತೊಡೆಸಂದಿನಲ್ಲಿ, ತೊಡೆಯ ಮುಂಭಾಗದಲ್ಲಿ, ಕೆಲವರಿಗೆ ಬರೀ ಮೊಣಕಾಲಿನಲ್ಲಿ ಕಾಣಿಸಿಕೊಳ್ಳುತ್ತದೆ. ಮೊಣಕಾಲಿನ ಚಿತ್ರ ಚೆನ್ನಾಗಿದೆ, ಆದರೆ ಅವರು ಕುಂಟುತ್ತಾರೆ, ಬಗ್ಗಿ ಸಾಕ್ಸ್ ಹಾಕಿಕೊಳ್ಳಲು ಒದ್ದಾಡುತ್ತಾರೆ ಅಂದರೆ ಡಾಕ್ಟರಿಗೆ ಹೇಳಿ. ರೋಗ ಏನು ಅಂತ ತೀರ್ಮಾನಿಸುವುದು ನಮ್ಮ ಕೆಲಸ ಅಲ್ಲ, ಕಂಡದ್ದನ್ನು ಹೇಳುವುದಕ್ಕೆ ಏನಡ್ಡಿ?

"ಪೂರ್ತಿ ಸವೆದಿದೆಯಾ?" ಅಂತ ಟೇಬಲ್ ಮೇಲಿಂದಲೇ ಕೇಳುತ್ತಾರೆ. ಉತ್ತರ ಕೊಡಲು ಹೋಗಬೇಡಿ. 1957ರ ಕೆಲ್‌ಗ್ರೆನ್-ಲಾರೆನ್ಸ್ ಪಟ್ಟಿಯಲ್ಲಿ ಸವೆತಕ್ಕೆ 0ಯಿಂದ 4ರವರೆಗೆ ಗ್ರೇಡ್ ಇದೆ, ಆದರೆ ಅದು ಚಿತ್ರಕ್ಕೆ ಕೊಡುವ ಅಂಕ, ನೋವಿಗಲ್ಲ. ಚಿತ್ರ ಕೆಟ್ಟಿದ್ದರೂ ಆರಾಮಾಗಿ ಓಡಾಡುವವರಿದ್ದಾರೆ.

ಹಳೆ ಎಕ್ಸ್‌ರೇ ತಂದಿದ್ದರೆ ಇಸ್ಕೊಳ್ಳಿ. ಅದು ಮಲಗಿಸಿ ತೆಗೆದದ್ದಾ, ನಿಲ್ಲಿಸಿ ತೆಗೆದದ್ದಾ ನೋಡಿಕೊಂಡು ಅದೇ ಥರ ತೆಗೆಯಿರಿ. ಇಲ್ಲದಿದ್ದರೆ ಸಂದು ನಿಜಕ್ಕೂ ಕಿರಿದಾಗಿದೆಯೋ ಅಥವಾ ಭಂಗಿ ಬದಲಾಗಿದ್ದಕ್ಕೆ ಹಾಗೆ ಕಾಣುತ್ತಿದೆಯೋ ಅಂತ ಡಾಕ್ಟರಿಗೆ ಹೇಳುವುದು ಕಷ್ಟ.