"ಹುಟ್ಟಿನಿಂದಲೇ ಪುಕ್ಕಲನಾ?" ಅಂತ ಕೇಳುವವರಿಗೆ

ನಾನು ಸೈಕಾಲಜಿ ಪಾಠ ಮಾಡುವವಳು ಅಂತ ಗೊತ್ತಾದ ಕೂಡಲೇ ಬರುವ ಪ್ರಶ್ನೆ ಇದು: "ನಮ್ಮ ದೊಡ್ಡವನಿಗೆ ಎಂತ ಹೆದರಿಕೆಯೂ ಇಲ್ಲ, ಸಣ್ಣವ ಮಾತ್ರ ಪುಕ್ಕಲ. ಹುಟ್ಟಿನಿಂದಲೇ ಹಾಗಾ, ಬೆಳೆಸಿದ್ದು ಸರಿಯಾಗಲಿಲ್ಲವಾ?" ಹುಟ್ಟಿನಿಂದ ಅಂದರೆ ಕೇಳಿದವರು ಬಚಾವ್. ಬೆಳೆಸಿದ್ದರಿಂದ ಅಂದರೆ ಅಜ್ಜಿಗೆ ಬೈಗುಳ.

ಉಡುಪಿಯ ಒಂದು ಮದುವೆ ಊಟದಲ್ಲೂ ಹೀಗೇ ಆಯಿತು. ಮಲ್ಪೆ ಬೀಚಿನಲ್ಲಿ ಒಂದೇ ಅಲೆ ಅಣ್ಣ ತಮ್ಮ ಇಬ್ಬರನ್ನೂ ಬೀಳಿಸಿತ್ತಂತೆ. ದೊಡ್ಡವ ಉಪ್ಪುನೀರು ಉಗುಳಿ ಮತ್ತೆ ಓಡಿದ. ಸಣ್ಣವ ಆಮೇಲೆ ಹೊಯ್ಗೆಗೂ ಇಳಿಯಲಿಲ್ಲ. ಅಮ್ಮ ಇದನ್ನೆಲ್ಲ ಹೇಳುವಾಗ ಅವನು ಪಕ್ಕದ ಎಲೆಯಲ್ಲೇ ಕೂತಿದ್ದ. ಹಪ್ಪಳ ಮುರಿಯುತ್ತಿದ್ದವನು ತನ್ನ ಹೆಸರು ಕೇಳಿ ನಿಲ್ಲಿಸಿದ. ತಲೆ ತಗ್ಗಿಸಿ ಸುಮ್ನೆ ಅನ್ನದಲ್ಲಿ ಬೆರಳಾಡಿಸಿದ. ಮಾರಾಯ್ರೆ, ಅವನಿಗೂ ಕಿವಿ ಕೇಳ್ತದೆ ಅಲ್ವಾ?

ಅಲೆ ಒಂದೇ. ಇಬ್ಬರೂ ಕಲಿತದ್ದು ಬೇರೆ ಬೇರೆ. ನಾಯಿಗಳು ಹೇಗೆ ಕಲಿಯುತ್ತವೆ ಅಂತ ಪ್ರಯೋಗ ಮಾಡುತ್ತಿದ್ದ ರಷ್ಯಾದ ವಿಜ್ಞಾನಿ ಪಾವ್ಲೋವ್ ಇದನ್ನು ನಾಯಿಗಳಲ್ಲೇ ಕಂಡಿದ್ದರು. 1924ರಲ್ಲಿ ಲೆನಿನ್‌ಗ್ರಾಡ್‌ನಲ್ಲಿ ನೆರೆ ಬಂದಾಗ ಪ್ರಯೋಗಾಲಯದ ನಾಯಿಗಳನ್ನು ಈಜಿಸಿ ಪಾರು ಮಾಡಬೇಕಾಯಿತು. ಆಮೇಲೆ ಕೆಲವು ನಾಯಿಗಳು ಪ್ರಯೋಗದಲ್ಲಿ ಕಲಿತದ್ದೇ ಅಡಿಮೇಲಾಯಿತು, ಕೆಲವು ಮೊದಲಿನ ಹಾಗೇ ಇದ್ದವು. ಅಂತರ್ಮುಖಿಗಳು, ಅಂದರೆ ತಮ್ಮಷ್ಟಕ್ಕೆ ಇರುವವರು, ಇಂಥ ಭಯವನ್ನು ಬೇಗ ಕಲಿಯುತ್ತಾರೆ ಅಂದರು ಮನಶ್ಶಾಸ್ತ್ರಜ್ಞ ಐಸೆಂಕ್. ಪೆಟ್ಟು ಬೀಳಬಹುದು ಅನ್ನುವ ಸುಳಿವು ಕೆಲವರಿಗೆ ಜಾಸ್ತಿ ತಾಗುತ್ತದೆ, ಬಹುಮಾನದ ಸುಳಿವು ಇನ್ನು ಕೆಲವರಿಗೆ ಅಂದರು ಇನ್ನೊಬ್ಬ ಮನಶ್ಶಾಸ್ತ್ರಜ್ಞ ಜೆಫ್ರಿ ಗ್ರೇ. ಹಾಗಾಗಿ ಬೇಗ ಹೆದರುವ ಗುಣ ಹುಟ್ಟಿನಿಂದ ಬಂದೀತು. ಮಲ್ಪೆಯ ಭಯ ಮಲ್ಪೆಯಲ್ಲೇ ಬಂದದ್ದು. ಉತ್ತರ ಇಷ್ಟೇ.

ಯಾರೂ ಕೇಳದ ಪ್ರಶ್ನೆ ಬೇರೆ ಇದೆ. ಅಲೆ ಹೊಡೆದದ್ದು ಒಂದೇ ಸಲ, ಭಯ ಇನ್ನೂ ಯಾಕೆ ಉಳಿದಿದೆ? ಅಮೆರಿಕದ ಮನಶ್ಶಾಸ್ತ್ರಜ್ಞ ಮೌರರ್ 1947ರಲ್ಲೇ ಇದನ್ನು ವಿವರಿಸಿದ್ದರು. ಹೆದರಿದವನು ಹಿಂದೆ ಸರಿದ ಕೂಡಲೇ ಜೀವ ಹಗುರಾಗುತ್ತದೆ. ಅದೇ ಅವನಿಗೆ ಸಿಗುವ ಬಹುಮಾನ. ಮುಂದಿನ ಸಲ ಇನ್ನೂ ಬೇಗ ಸರಿಯುತ್ತಾನೆ. ನೀರಿಗೆ ಇಳಿದರೂ ಏನೂ ಆಗದ ದಿನ ಅವನಿಗೆ ಸಿಗುವುದೇ ಇಲ್ಲ. "ಬೇಡ ಮಗಾ, ಐಸ್‌ಕ್ರೀಮ್ ತಿನ್ನುವ ಬಾ" ಅಂತ ರಸ್ತೆಗೆ ಕರೆದುಕೊಂಡು ಹೋಗುವವರು ಯಾರು ಹಾಗಾದರೆ?

ಇಂಥ ಭಯ ಬಿಡಿಸುವ ದಾರಿಯೂ ಇದೆ. ಮೊಲಕ್ಕೆ ಹೆದರುವ ಪೀಟರ್ ಎಂಬ ಹುಡುಗನ ಬಗ್ಗೆ ಮನಶ್ಶಾಸ್ತ್ರಜ್ಞೆ ಮೇರಿ ಕವರ್ ಜೋನ್ಸ್ ಬರೆದದ್ದೂ 1924ರಲ್ಲಿ. ಅವನಿಗೆ ಇಷ್ಟದ ತಿಂಡಿ ಕೊಡುತ್ತಾ ಮೊಲವನ್ನು ಸ್ವಲ್ಪ ಸ್ವಲ್ಪವೇ ಹತ್ತಿರ ತಂದರು. ಕೊನೆಗೆ ಅವನೇ ಅದನ್ನು ಮುಟ್ಟಿದ.

ಇಷ್ಟು ಹೇಳುವಾಗ ಎದುರು ಸಾಲಿನಲ್ಲಿದ್ದ ಹುಡುಗನ ಮಾವ ಕೇಳಿದರು: "ಅಂದ್ರೆ ಎತ್ತಿ ನೀರಿಗೆ ಹಾಕಿದ್ರೆ ಸರಿಯಾಗ್ತದಾ?"

ಇಲ್ಲ ಮಾರಾಯ್ರೆ. ಐಸ್‌ಕ್ರೀಮನ್ನು ಹೊಯ್ಗೆಯ ಮೇಲೆ ಕೂತು ತಿನ್ನಿ. ನೀರಿನಿಂದ ಎಷ್ಟು ದೂರ ಅಂತ ಅವನೇ ಹೇಳಲಿ.