ಉಪ್ಪಿನ್ಯಾಗ ಮಲಗಿ ಎದ್ದ ಚಪ್ಪಲಿ

ಮೊನ್ನೆ ಅಂಕೋಲಾದಿಂದ ಹುಬ್ಬಳ್ಳಿಗೆ ಬರುವ ಬಸ್ಸಿನಲ್ಲಿ ಒಣ ಮೀನಿನ ಒಂದು ಚೀಲಕ್ಕೆ ಜಗಳವಾಯಿತು. ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಹಾಗಾಗಿ ಒಣ ಬಂಗಡೆ, ಸಿಗಡಿಗೆ ಈಗಲೇ ಗಿರಾಕಿ ಜಾಸ್ತಿ.

ಯಲ್ಲಾಪುರ ದಾಟಿದ ಮೇಲೆ ಎದುರು ಸೀಟಿನ ಸಾಹೇಬರು ಮೂಗಿಗೆ ಕರ್ಚೀಫು ಹಿಡಿದರು. "ಏ ಕಂಡಕ್ಟರ್, ಮೊದ್ಲ ಇದನ್ನ ಕೆಳಗ ಇಳಸ್ರಿ. ಮನಷ್ಯಾರು ಕೂಡೂ ಬಸ್ಸೋ, ಏನಿದು?" ಚೀಲ ತಂದ ಅಕ್ಕ ಮಾತಾಡಲಿಲ್ಲ. ಕಾಲಿನಿಂದ ಅದನ್ನು ಸೀಟಿನ ಕೆಳಗೆ ಇನ್ನಷ್ಟು ತಳ್ಳಿದಳು. ಕಂಡಕ್ಟರ್ ಚಿಲ್ಲರೆ ಎಣಿಸುತ್ತಾ ನಿಂತ. ಜಾಣ, ಬಿಡಿ.

ಆಗ ಕಿಟಕಿ ಪಕ್ಕದ ಅಜ್ಜ ಸಾಹೇಬರ ಕಾಲು ನೋಡಿದರು. "ಭಾರಿ ಚಪ್ಲಿ ಹಾಕೀರಿ. ಕೊಲ್ಲಾಪುರಿ ಹೌದಲ್ರಿ? ಅದೂ ಉಪ್ಪಿನ್ಯಾಗ ಮಲಗಿ ಎದ್ದ ಬಂದದ್ದರಿ."

ಸಾಹೇಬರು ಕಾಲು ಒಳಗೆಳೆದುಕೊಂಡರು. ಕಲಘಟಗಿವರೆಗೂ ಉಸಿರಿಲ್ಲ. ನನಗೆ ಆ ಅಜ್ಜನ ದನಿ ತುಂಬಾ ಹಿಡಿಸಿತು. ಸಿಟ್ಟಿರಲಿಲ್ಲ, ಕುಚೋದ್ಯವೂ ಇರಲಿಲ್ಲ. ಸುಮ್ನೆ ಇದ್ದದ್ದು ಹೇಳಿದರು. ಉಪ್ಪಿನ್ಯಾಗ ಮಲಗಿ ಎದ್ದದ್ದು!

ಆ ಅಜ್ಜ ತಮ್ಮ ಅಪ್ಪನ ಜೊತೆ ಚರ್ಮ ಹದ ಮಾಡಿದವರು. ಸುಲಿದ ಚರ್ಮ ಬಿಸಿಲಿಗೆ ಕೆಲವೇ ತಾಸಿನಲ್ಲಿ ಕೊಳೆಯಲು ಶುರು. ಮಾಂಸದ ಬದಿಗೆ ಹರಳುಪ್ಪು ತಿಕ್ಕಬೇಕು, ಅಂಚೂ ಬಿಡಬಾರದು. "ಕೈಯಾಗ ಗಾಯ ಇತ್ತಂದ್ರ ಮುಗೀತ್ ನೋಡ್ರಿ" ಅಂತ ಬಿರಿದ ಅಂಗೈ ತೋರಿಸಿದರು. ಉಪ್ಪು ನೀರೆಲ್ಲ ಹೀರಿಕೊಂಡರೆ ಕೊಳೆಸುವ ಸೂಕ್ಷ್ಮಜೀವಿಗೆ ಬದುಕಲು ದಾರಿಯಿಲ್ಲ. ಆಮೇಲೆ ಸುಣ್ಣದಲ್ಲಿ ನೆನೆಸಿ ಕೂದಲು ತೆಗೆಯುವುದು. ಕೊನೆಗೆ ಚರ್ಮವನ್ನೇ ಚೀಲದ ಹಾಗೆ ಹೊಲಿದು, ಒಳಗೆ ಜಾಲಿ ತೊಗಟೆ, ಅಳಲೆಕಾಯಿ, ನೀರು ತುಂಬಿ ನೇತು ಹಾಕುವುದು. ಬಂಗಡೆಗೆ ಇಷ್ಟೆಲ್ಲ ಇಲ್ಲ. ಹೊಟ್ಟೆ ಸೀಳಿ, ತೊಳೆದು, ಉಪ್ಪು ಹಾಕಿ ಬಿಸಿಲಿಗೆ ಹರವಿದರಾಯಿತು.

ಕೊಲ್ಲಾಪುರಿ ಚಪ್ಪಲಿಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಇಂಥ ಜಾಗದ್ದೇ ಸರಕು ಅನ್ನುವ ಸರ್ಕಾರಿ ಗುರುತು, ಸಿಕ್ಕಿತಲ್ಲ, ಆ ಎಂಟು ಜಿಲ್ಲೆಗಳ ಪಟ್ಟಿಯಲ್ಲಿ ನಮ್ಮ ಧಾರವಾಡವೂ ಇದೆ. ವಾಟ್ಸಾಪಿನಲ್ಲಿ ಹೆಮ್ಮೆಯೋ ಹೆಮ್ಮೆ. ಹದ ಮಾಡುವವರ ಕೇರಿ ಮಾತ್ರ ಮೊದಲಿಂದಲೂ ಊರಾಚೆ. ಯಾರಾದರೂ ಚರ್ಮದ ತೊಟ್ಟಿ ಕಟ್ಟುತ್ತೇನೆ ಅಂತ ನಮ್ಮ ಓಣಿಗೆ ಬರಲಿ, ಸಂಜೆಯೊಳಗೆ ಬೇಡ ಅಂತ ಅರ್ಜಿ ಹೋಗಿರುತ್ತದೆ. ಮೊದಲ ಸಹಿ ಹೆಮ್ಮೆಪಟ್ಟವರದ್ದೇ.

ನಮ್ಮನೆ ಕಥೆಯೂ ಬೇರೆಯಲ್ಲ. ಅತ್ತೆಗೆ ಒಣ ಸಿಗಡಿ ಚಟ್ನಿ ಇದ್ದರೆ ಒಂದು ರೊಟ್ಟಿ ಜಾಸ್ತಿ. ಹುರಿಯುವಾಗ ಮಾತ್ರ ಕಿಟಕಿಯೆಲ್ಲ ಮುಚ್ಚಿಸುತ್ತಾರೆ. ಬಾಡಿಗೆ ಮನೆ ನೋಡಿ, ಮೇಲೆ ಓನರ್ ಇದ್ದಾರೆ.