ಕವಾಟ ಬದಲಾಯಿಸಿದರೆ ಬಡಿತ ಸರಿಹೋಗುತ್ತದೆಯೇ?

ಹೃದಯದ ಎಡಭಾಗದ ಮೇಲಿನ, ಕೆಳಗಿನ ಕೋಣೆಗಳ ನಡುವಿನ ಮೈಟ್ರಲ್ ಕವಾಟದ ಆಪರೇಷನ್‌ಗೆ ಬರೆದುಕೊಟ್ಟಾಗ ಎಕೋ ವರದಿಯಲ್ಲಿ ಎಲ್ಲರ ಕಣ್ಣೂ ಮೊದಲು ಬೀಳುವುದು ಕವಾಟದ ಅಳತೆಯ ಮೇಲೆ. ಸರಿಯಾದ ಕವಾಟದ ಬಾಯಿ 4ರಿಂದ 6 ಚದರ ಸೆಂಟಿಮೀಟರ್, 1.5ಕ್ಕೆ ಇಳಿದರೆ ಕಾಯಿಲೆ ತೀವ್ರ. ಅದೇ ಹಾಳೆಯಲ್ಲಿ 'ಎಲ್‌ಎ' ಎಂದು ಇನ್ನೊಂದು ಅಂಕಿ ಇರುತ್ತದೆ, ಎಡ ಹೃತ್ಕರ್ಣದ, ಅಂದರೆ ಎಡಭಾಗದ ಮೇಲಿನ ಕೋಣೆಯ ಅಡ್ಡಳತೆ. ಸುಮಾರು 40 ಮಿಲಿಮೀಟರ್ ಒಳಗಿರಬೇಕಾದದ್ದು 55, 60 ಆಗಿದ್ದರೆ ಬಡಿತ ತಪ್ಪಲು ಕಾರಣ ಅಲ್ಲಿದೆ.

ನಮ್ಮಲ್ಲಿ ಇದರ ಮೂಲ ಹೆಚ್ಚಾಗಿ ಚಿಕ್ಕಂದಿನ ರುಮ್ಯಾಟಿಕ್ ಜ್ವರ. ಕವಾಟದ ಎಸಳುಗಳು ಅಂಟಿಕೊಂಡು ಒತ್ತಡ ಹಿಂದಕ್ಕೆ ಬೀಳುತ್ತದೆ. ಹೃತ್ಕರ್ಣ ವರ್ಷಗಟ್ಟಲೆ ಹಿಗ್ಗಿ ಅದರ ಗೋಡೆಯಲ್ಲಿ ಕಲೆ ಕಟ್ಟುತ್ತದೆ. ಆಮೇಲೆ ಅದು ಬಡಿಯುವುದಿಲ್ಲ, ಅದುರುತ್ತದೆ. ಹೊಸ ಕವಾಟ ಒತ್ತಡವನ್ನು ಇಳಿಸುತ್ತದೆ, ಕಲೆಯನ್ನು ಅಳಿಸುವುದಿಲ್ಲ. ಹಾಗಾಗಿ ಈ ಅದುರುವಿಕೆ, ಅಂದರೆ ಏಟ್ರಿಯಲ್ ಫಿಬ್ರಿಲೇಷನ್, ಬೇರೂರಿದವರಲ್ಲಿ ಕವಾಟವೊಂದನ್ನೇ ಬದಲಾಯಿಸಿದರೆ ಬಹುಪಾಲು ಮಂದಿಯ ಬಡಿತ ಹಾಗೇ ಉಳಿಯುತ್ತದೆ.

ಅದಕ್ಕೇ ಮೇಜ್ (ಚಕ್ರವ್ಯೂಹ) ಎಂಬ ಶಸ್ತ್ರಚಿಕಿತ್ಸೆಯ ವಿಧಾನ. 1987ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಜೇಮ್ಸ್ ಕಾಕ್ಸ್ ಹೃತ್ಕರ್ಣವನ್ನು ಗೆರೆಗೆರೆಯಾಗಿ ಕೊಯ್ದು ಮತ್ತೆ ಹೊಲಿದರು. ಕಲೆಯ ಗೆರೆಯನ್ನು ವಿದ್ಯುತ್ ದಾಟುವುದಿಲ್ಲ, ಗದ್ದೆಯ ಬದುವನ್ನು ನೀರು ದಾಟದ ಹಾಗೆ. ಈಗ ಕತ್ತರಿಯ ಬದಲು ಹೆಚ್ಚಾಗಿ ರೇಡಿಯೋ ತರಂಗದ ಬಿಸಿ ಅಥವಾ ಕ್ರಯೋ, ಅಂದರೆ ಹೆಪ್ಪುಗಟ್ಟಿಸುವ ಚಳಿ. ಆದರೆ ಬದುವಿನಲ್ಲಿ ಏಡಿ ತೋಡಿದ ಒಂದು ಬಿಲ ಸಾಕು, ನೀರು ಹರಿಯುತ್ತದೆ. ಇಲ್ಲೂ ಹಾಗೇ: ಗೆರೆಯಲ್ಲಿ ಸಣ್ಣ ಸಂದು ಉಳಿದರೆ ಅದರ ಮೂಲಕವೇ ವಿದ್ಯುತ್ ಸುತ್ತು ಹೊಡೆದು ಏಟ್ರಿಯಲ್ ಫ್ಲಟರ್ ಎಂಬ ಇನ್ನೊಂದು ಬಗೆಯ ತಪ್ಪು ಬಡಿತ ಶುರುವಾಗುತ್ತದೆ.

ಬಿಸಿ ಕೊಡುವ ಎರಡು ದವಡೆಯ ಕ್ಲ್ಯಾಂಪಿನಿಂದ (ಇಕ್ಕಳ) ಶ್ವಾಸಕೋಶದ ರಕ್ತನಾಳಗಳ ಬುಡವನ್ನು ಕಚ್ಚಿ, ಸ್ವಲ್ಪ ಸರಿಸಿ ಸರಿಸಿ ಹಲವು ಬಾರಿ ಬಿಸಿ ಕೊಡಬೇಕು. ಹೃದಯ ಬಡಿಯುತ್ತಿರುವಾಗಲೇ ಆ ನಾಳಗಳಿಗೆ ಪೇಸಿಂಗ್, ಅಂದರೆ ಬಡಿತ ಹುಟ್ಟಿಸುವ ಸಣ್ಣ ವಿದ್ಯುತ್, ಕೊಟ್ಟು, ಬಡಿತ ಆಚೆ ದಾಟುತ್ತಿಲ್ಲವೆಂದು ಖಾತ್ರಿಮಾಡಿಕೊಳ್ಳುವುದು ಒಳ್ಳೆಯದು. ಒಳಗೆ ರಕ್ತದ ಹೆಪ್ಪು ಇದೆಯೆಂದು ಅನ್ನನಾಳದ ಎಕೋ ತೋರಿಸಿದ್ದರೆ ಈ ಮಾತು ಅನ್ವಯಿಸದು. ಹೆಪ್ಪು ಕಿತ್ತು ಹೋಗದಂತೆ, ಮಹಾಪಧಮನಿಗೆ ಕ್ಲ್ಯಾಂಪ್ ಬೀಳುವ ತನಕ ಹೃದಯವನ್ನು ಎತ್ತಿ ಹೊರಳಿಸಲೇಬಾರದು. ಮೈಟ್ರಲ್ ಉಂಗುರದವರೆಗಿನ ಗೆರೆಗೆ ಕ್ಲ್ಯಾಂಪ್ ಪೂರ್ತಿ ಎಟುಕುವುದಿಲ್ಲ, ಪಕ್ಕದಲ್ಲೇ ಹೃದಯದ ಸ್ನಾಯುವಿಗೆ ರಕ್ತ ಕೊಡುವ ಸರ್ಕಮ್‌ಫ್ಲೆಕ್ಸ್ ರಕ್ತನಾಳ ಬೇರೆ ಇದೆ. ಅಲ್ಲಿ ಕ್ರಯೋ ವಾಸಿ: ನೈಟ್ರಸ್ ಆಕ್ಸೈಡ್ ಆದರೆ ಸುಮಾರು ಮೈನಸ್ 60 ಡಿಗ್ರಿಯಲ್ಲಿ 2-3 ನಿಮಿಷ. ಕೆಡುವುದು ಹೆಚ್ಚಾಗಿ ಇದೇ ಗೆರೆ.

ಹೃತ್ಕರ್ಣದ ಕಿವಿಯಂಥ ಚೀಲವನ್ನು ಮಾತ್ರ ಯಾವ ಕಾರಣಕ್ಕೂ ಹಾಗೇ ಬಿಡಬಾರದು. ಹೆಪ್ಪು ಕಟ್ಟುವ ಮುಖ್ಯ ಜಾಗ ಅದೇ. ಸುಮಾರು 4,800 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಲಾಓಸ್-3 ಅಧ್ಯಯನದಲ್ಲಿ, ಚೀಲ ಮುಚ್ಚಿದವರಲ್ಲಿ ಪಾರ್ಶ್ವವಾಯು ಇತ್ಯಾದಿ ಆದದ್ದು ಶೇ. 4.8, ಮುಚ್ಚದವರಲ್ಲಿ ಶೇ. 7. ಬುಡಕ್ಕೊಂದು ದಾರ ಬಿಗಿದು ಕೈತೊಳೆದುಕೊಂಡರೆ ಸಂದು ಉಳಿದು ಸೋರುತ್ತದೆ. ಕತ್ತರಿಸಿ ಹೊಲಿಯಬೇಕು, ಇಲ್ಲವೇ ಒಳಗಿನಿಂದ ಎರಡು ಸುತ್ತು ಹೊಲಿಗೆ, ಇಲ್ಲವೇ ಕ್ಲಿಪ್.

ಹೃತ್ಕರ್ಣ 60 ಮಿಲಿಮೀಟರ್ ಮೀರಿ, ಹತ್ತಾರು ವರ್ಷಗಳಿಂದ ಬಡಿತ ತಪ್ಪಿ, ಇಸಿಜಿಯಲ್ಲಿ ಅದುರುವ ಅಲೆಗಳೂ ಸಣಕಲಾಗಿದ್ದರೆ ಪೂರ್ತಿ ಮೇಜ್ ಫಲಿಸುವುದು ಕಷ್ಟ. ಶ್ವಾಸಕೋಶ, ಕಿಡ್ನಿಗಳೂ ದುರ್ಬಲವಾಗಿರುವವರನ್ನು ಅದಕ್ಕಾಗಿ ಇನ್ನಷ್ಟು ಹೊತ್ತು ಪಂಪಿನ (ಹೃದಯ-ಶ್ವಾಸಕೋಶದ ಕೆಲಸ ಮಾಡುವ ಯಂತ್ರ) ಮೇಲಿಡುವುದು ದುಬಾರಿ ಆಸೆ. ಅಂಥವರಿಗೆ ಕವಾಟ ಮತ್ತು ಚೀಲ, ಅಷ್ಟು ಸಾಕು.

ಮೇಜ್ ಆದ ಮೇಲೆ ಮೊದಲ 3 ತಿಂಗಳಲ್ಲಿ ಬಡಿತ ತಪ್ಪಿದರೆ ಆಪರೇಷನ್ ಕೆಟ್ಟಿತೆಂದು ತೀರ್ಮಾನಿಸಬೇಡಿ. ಗಾಯ ಮಾಗುವ ಕಾಲ ಅದು. ಕೆಲವರಿಗೆ ಪೇಸ್‌ಮೇಕರ್ ಬೇಕಾಗುತ್ತದೆ. ಎಷ್ಟೋ ಸಲ ಬಡಿತ ಹುಟ್ಟಿಸುವ ಸೈನಸ್ ನೋಡ್ ಮೊದಲೇ ಸೊರಗಿದ್ದು, ಅದುರುವಿಕೆ ನಿಂತ ಮೇಲೆ ಗೊತ್ತಾಗುತ್ತದೆ.

ಮೈಟ್ರಲ್ ಜಾಗದಲ್ಲಿ ಲೋಹದ ಕವಾಟ ಕೂತಿದ್ದರೆ, ಬಡಿತ ಎಷ್ಟೇ ಚೆನ್ನಾಗಿ ಮರಳಿದರೂ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಅಥವಾ ಅಸಿಟ್ರೋಮ್ ಮಾತ್ರೆ ಜೀವನಪೂರ್ತಿ, ಐಎನ್‌ಆರ್ (ಹೆಪ್ಪುಗಟ್ಟುವಿಕೆಯ ರಕ್ತಪರೀಕ್ಷೆಯ ಅಂಕಿ) 2.5ರಿಂದ 3.5ರ ನಡುವೆ. ರಕ್ತಪರೀಕ್ಷೆಯ ರಗಳೆಯಿಲ್ಲದ ಹೊಸ ಮಾತ್ರೆಗಳು ಲೋಹದ ಕವಾಟಕ್ಕೆ ಸಲ್ಲವು. ಅಂಥ ಒಂದು ಮಾತ್ರೆಯಾದ ಡಾಬಿಗಟ್ರಾನ್ ಬಗ್ಗೆ 2013ರಲ್ಲಿ ಪ್ರಕಟವಾದ ಪ್ರಯೋಗವನ್ನು ಹೆಪ್ಪು, ರಕ್ತಸ್ರಾವ ಎರಡೂ ಹೆಚ್ಚಾದವೆಂದು ಅರ್ಧಕ್ಕೇ ನಿಲ್ಲಿಸಬೇಕಾಯಿತು. ಇನ್ನೊಂದು ಗಮನಿಸಿ: ಬಡಿತಕ್ಕೆಂದು ಕೊಡುವ ಅಮಿಯೊಡರೋನ್ ಔಷಧ ವಾರ್ಫರಿನ್, ಅಸಿಟ್ರೋಮ್‌ಗಳ ಶಕ್ತಿಯನ್ನು ವಾರಗಳ ಮೇಲೆ ಮೆಲ್ಲಗೆ ಏರಿಸುತ್ತದೆ. ಅದನ್ನು ನಿಲ್ಲಿಸಿದ ಮೇಲೂ ಪರಿಣಾಮ ತಿಂಗಳುಗಟ್ಟಲೆ ಉಳಿಯುತ್ತದೆ. ಶುರುಮಾಡುವಾಗಲೂ ಬಿಡುವಾಗಲೂ ಐಎನ್‌ಆರ್ ಪದೇಪದೇ ನೋಡಿಸಬೇಕು. ಸೊಪ್ಪು ಈ ಮಾತ್ರೆಗಳ ಶಕ್ತಿ ತಗ್ಗಿಸುತ್ತದೆಂದು ಪೂರ್ತಿ ಬಿಡಬೇಕಿಲ್ಲ. ವಾರಕ್ಕೆರಡು ದಿನ ಬಸ್ಸಾರು ಉಣ್ಣುವವರು ಪ್ರತಿ ವಾರವೂ ಎರಡೇ ದಿನ ಉಂಡರಾಯಿತು.